ಕಮಾಂಡೊ ಕಠಾರಿ: ಬಾಣದ ಗುರುತನ್ನು ನಂಬಬಹುದೇ?

ಹೊಸ ಸಂಗ್ರಾಹಕ:
ಹರಾಜಿನಲ್ಲಿ ಫೇರ್‌ಬೇರ್ನ್–ಸೈಕ್ಸ್ ಕಠಾರಿಯೊಂದನ್ನು, ಅಂದರೆ ಎರಡನೇ ಮಹಾಯುದ್ಧದ ಬ್ರಿಟಿಷ್ ಕಮಾಂಡೊಗಳ ಕಠಾರಿಯನ್ನು, ಕೊಂಡಿದ್ದೇನೆ. ಅಲಗಿನ ಮೇಲೆ ತಯಾರಕರ ಹೆಸರಿಲ್ಲ. ಕಪ್ಪು ಹಿಡಿಯ ಸುತ್ತ ಉಂಗುರಗಳಿವೆ. ಅಡ್ಡಪಟ್ಟಿಯ ಮೇಲೆ ಬ್ರಿಟಿಷ್ ಸರ್ಕಾರದ ಬಾಣದ ಗುರುತಿದೆ. ಜೊತೆಗೆ ಬಂದ ಪತ್ರದಲ್ಲಿ ‘1940ರ ಡನ್‌ಕರ್ಕ್ ತೆರವಿನಲ್ಲಿ ಬಳಸಿದ್ದು’ ಎಂದಿದೆ. ಉಂಗುರಗಳ ಸಂದಿಯಲ್ಲಿ ಬಿಳಿ ಪುಡಿ ಕೂತಿದೆ. ಒರೆಯ ತುದಿಯ ಹಿತ್ತಾಳೆಗೆ ಕಿಲುಬು ಹಿಡಿದಿದೆ. ವಿಲ್ಕಿನ್ಸನ್ ಹೆಸರಿಲ್ಲದಿದ್ದರೆ ನಕಲಿಯೇ? ಉಜ್ಜಿ ಹೊಳಪು ಬರಿಸಬಹುದೇ?

ಏಣುಗೆರೆ:
ಉಜ್ಜುವ ಮಾತು ಆಮೇಲೆ, ಮೊದಲು ಪತ್ರವನ್ನು ನೋಡೋಣ. ಫ್ರಾನ್ಸಿನ ಡನ್‌ಕರ್ಕ್‌ನಿಂದ ಬ್ರಿಟಿಷ್ ಮತ್ತು ಮಿತ್ರಪಡೆಗಳ ತೆರವು ಮುಗಿದದ್ದು 1940ರ ಜೂನ್ 4ರಂದು. ಶಾಂಘೈ ಪೊಲೀಸ್ ಪಡೆಯಲ್ಲಿದ್ದ ಫೇರ್‌ಬೇರ್ನ್ ಮತ್ತು ಸೈಕ್ಸ್ ಲಂಡನ್ನಿನ ವಿಲ್ಕಿನ್ಸನ್ ಸ್ವೋರ್ಡ್ ಕಂಪನಿಯವರೊಂದಿಗೆ ಕೂತು ಈ ಕಠಾರಿಯ ರೂಪುರೇಷೆ ನಿಶ್ಚಯಿಸಿದ್ದು ಅದೇ ವರ್ಷದ ನವೆಂಬರಿನಲ್ಲಿ. ಹುಟ್ಟುವ ಮೊದಲೇ ಯುದ್ಧಕ್ಕೆ ಹೋಗಿ ಬಂದ ಆಯುಧ ನಿಮ್ಮದು!

1941ರ ಮೊದಲ ಮಾದರಿಯಲ್ಲಿ ಅಡ್ಡಪಟ್ಟಿ ಎಸ್ ಆಕಾರದಲ್ಲಿ ಬಾಗಿರುತ್ತದೆ, ಅಲಗಿನ ಬುಡದಲ್ಲಿ ಹೆಸರು ಕೊರೆಯಲು ಚಪ್ಪಟೆ ಜಾಗವಿರುತ್ತದೆ. ಎರಡನೆಯದರಲ್ಲಿ ಅಡ್ಡಪಟ್ಟಿ ನೇರ, ಹಿತ್ತಾಳೆ ಹಿಡಿಯ ಮೇಲೆ ಚೌಕುಳಿ ಗೀರು. ಉಂಗುರದ ಹಿಡಿ ಮೂರನೆಯ ಮಾದರಿ. ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದದ್ದು, 1943ರ ಕೊನೆಯ ತಿಂಗಳುಗಳ ನಂತರದ್ದು. ಅದನ್ನು ಹಲವು ತಯಾರಕರು ಮಾಡಿದರು, ಬಹಳಷ್ಟಕ್ಕೆ ಹೆಸರೇ ಇಲ್ಲ. ಆದ್ದರಿಂದ ಹೆಸರಿಲ್ಲದ್ದು ದೋಷವಲ್ಲ. ಆದರೆ ಯುದ್ಧ ಮುಗಿದ ಮೇಲೂ ಇದೇ ಮಾದರಿ ತಯಾರಾಗುತ್ತಲೇ ಬಂದಿದೆ, ತೊಡಕಿರುವುದು ಅಲ್ಲಿ.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಬಾಣವನ್ನು ನೋಡಿ. ಗೆರೆಗಳ ಅಂಚು ಹೇಗಿದೆ, ತಳದ ಬಣ್ಣ ಏನು, ಎರಡನ್ನೂ ತಿಳಿಸಿ.

ಹೊಸ ಸಂಗ್ರಾಹಕ:
ನೋಡಿದೆ ಸರ್. ಅಡ್ಡಪಟ್ಟಿ ಮಂಕಾಗಿದೆ, ಮೂಲೆಗಳಲ್ಲಿ ಕಪ್ಪು ಲೇಪನ ಸವೆದಿದೆ. ಬಾಣದ ಅಂಚು ಮಾತ್ರ ಉಗುರಿಗೆ ತಗಲುವಷ್ಟು ಮೊನಚಾಗಿದೆ. ತಳ ಬೆಳ್ಳಗೆ ಹೊಳೆಯುತ್ತದೆ. ಹಿಡಿಯ ಮೇಲ್ತುದಿಯಲ್ಲಿ 2 ಎಂಬ ಸಣ್ಣ ಉಬ್ಬು ಅಂಕಿಯೂ ಇದೆ.

ಏಣುಗೆರೆ:
ಆ 2 ಎರಕದ ಅಚ್ಚಿನ ಸಂಖ್ಯೆ. ವರ್ಷವೂ ಅಲ್ಲ, ಪಡೆಯ ಗುರುತೂ ಅಲ್ಲ. ಬಾಣವನ್ನು ಆಮೇಲೆ ಯಾರೋ ಹೊಡೆದದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ಲೇಪನಕ್ಕೆ ಮೊದಲೇ ಹೊಡೆದಿದ್ದರೆ ಕಪ್ಪು ತಳಕ್ಕೂ ಇಳಿದಿರುತ್ತಿತ್ತು.

ಒರೆಗಲ್ಲು:
ಅಷ್ಟು ಬೇಗ ತೀರ್ಪು ಬೇಡ. ತಪಾಸಣೆಯ ಮುದ್ರೆಯನ್ನು ಲೇಪನದ ನಂತರವೂ ಹೊಡೆದಿರಬಹುದು.

ಏಣುಗೆರೆ:
ಒಪ್ಪಿದೆ. ಆದರೂ ಇಷ್ಟು ದಶಕಗಳಲ್ಲಿ ಆ ಗುಳಿಯಲ್ಲಿ ಎಣ್ಣೆ, ಕೊಳೆ, ತುಕ್ಕು ಏನೂ ಸೇರಲಿಲ್ಲವೇ? ಸುತ್ತಲಿನ ಅಂಚುಗಳೆಲ್ಲ ಸವೆದು ಬಾಣದ ಅಂಚೊಂದೇ ಹರಿತವಾಗಿ ಉಳಿಯಿತೇ? ಕಠಾರಿಗಿಂತ ಗುರುತು ಎಳೆಯದು.

ಒರೆಗಲ್ಲು:
ಆ ವಾದ ಗಟ್ಟಿಯಾಗಿದೆ, ಒಪ್ಪುತ್ತೇನೆ. ಅಲಗನ್ನೂ ನೋಡಬೇಕು. ನಡುವಿನ ಏಣು ಮೊನೆಯವರೆಗೆ ಹೋಗದೆ ಮಧ್ಯದಲ್ಲೇ ಮಸುಕಾಗಿದ್ದರೆ, ಇಲ್ಲವೇ ಮೊನೆ ಒಂದು ಬದಿಗೆ ವಾಲಿದ್ದರೆ ಯಾರೋ ಸಾಣೆ ಹಿಡಿದಿದ್ದಾರೆ. ತುಕ್ಕಿನ ಗುಳಿಗಳು ಎಲ್ಲೆಡೆ ಒಂದೇ ಆಳ, ಒಂದೇ ಗಾತ್ರದಲ್ಲಿದ್ದರೆ ಆಮ್ಲದ ಕೈವಾಡವನ್ನು ಶಂಕಿಸಿ. ತಾನಾಗಿ ಬಂದ ತುಕ್ಕು ಅಲ್ಲಲ್ಲಿ ಗುಂಪುಗೂಡುತ್ತದೆ. ಹಿಡಿಯ ತುದಿಯ ನಟ್ಟಿನ ಮೇಲೆ ಇಕ್ಕಳದ ಗಾಯವಿದ್ದರೆ ಬಿಚ್ಚಿ ಜೋಡಿಸಿದ್ದಾರೆ ಎಂದುಕೊಳ್ಳಿ.

ಬಿಳಿ ಪುಡಿಯನ್ನು ಒಣ ಹತ್ತಿಕಡ್ಡಿಯಿಂದ ತೆಗೆದು ನೋಡಿ. ಕೆಳಗೆ ಮೇಲ್ಮೈ ನುಣ್ಣಗಿದ್ದರೆ ಅದು ಒಣಗಿದ ಪಾಲಿಶ್. ಗುಳಿಬಿದ್ದಿದ್ದರೆ ಸತುವೇ ಕೊರೆದುಹೋಗುತ್ತಿದೆ. ವಿನೆಗರ್‌ನಂಥ ಹುಳಿ ಪದಾರ್ಥವನ್ನು ಹತ್ತಿರ ತರಬೇಡಿ, ಸತು ಅದರಲ್ಲಿ ಕರಗುತ್ತದೆ. ಕಿಲುಬನ್ನು ಮರದ ಕಡ್ಡಿಯಿಂದ ಮೆಲ್ಲಗೆ ಕೆರೆದರೆ ಸಾಕು. ಅಲಗಿಗೆ ಉಪ್ಪುಕಾಗದ, ತಂತಿಬ್ರಷ್ ಬೇಡವೇ ಬೇಡ. ಕೆಂಪು ತುಕ್ಕಿದ್ದಲ್ಲಿ ಮಾತ್ರ ತೆಳು ಖನಿಜ ತೈಲ ಹಚ್ಚಿ ಬಟ್ಟೆಯಿಂದ ಒರೆಸಿ. ಕಂದುಗಪ್ಪಾಗಿ ಗಟ್ಟಿಯಾದ ಪದರ ಹಾಗೇ ಇರಲಿ. ಕೊನೆಗೆ ಮೈಕ್ರೊಕ್ರಿಸ್ಟಲೈನ್ ಮೇಣದ (ಪೆಟ್ರೋಲಿಯಂನಿಂದ ತೆಗೆಯುವ ಸೂಕ್ಷ್ಮ ಹರಳಿನ ಮೇಣ) ತೆಳು ಲೇಪ. ಕಠಾರಿಯನ್ನು ಒರೆಯೊಳಗೆ ಇಡಬೇಡಿ. ಹದಮಾಡಿದ ಚರ್ಮದ ಆಮ್ಲವೂ ತೇವವೂ ಅಲಗನ್ನು ತಿನ್ನುತ್ತವೆ.

ಹೊಸ ಸಂಗ್ರಾಹಕ:
ಏಣು ಮೊನೆಯವರೆಗೂ ಸರಿಯಾಗಿದೆ, ನಟ್ಟಿನ ಮೇಲೆ ಗಾಯವಿಲ್ಲ. ಹಾಗಾದರೆ ಇಂದೇ ಕಿಲುಬು ತೆಗೆಯಲೇ?

ಏಣುಗೆರೆ:
ಈಗಲೇ ಬೇಡ. ಕಠಾರಿ ಮೂರನೆಯ ಮಾದರಿಯದೇ, ಯುದ್ಧಕಾಲದ್ದೆನ್ನಲು ಮಾತ್ರ ಆಧಾರ ಸಾಲದು. ವಿವರಣೆ ಸುಳ್ಳೆಂದು ಹರಾಜಿನವರಿಗೆ ಬರೆಯಿರಿ, ಬಾಣದ ಹತ್ತಿರದ ಚಿತ್ರವನ್ನೂ ಆ ಪತ್ರದ ಪ್ರತಿಯನ್ನೂ ಲಗತ್ತಿಸಿ. ಅವರ ಉತ್ತರ ಬರುವವರೆಗೆ ಕಿಲುಬನ್ನೂ ಮುಟ್ಟಬೇಡಿ. ಒಮ್ಮೆ ಶುಚಿ ಮಾಡಿದ ವಸ್ತುವನ್ನು ವಾಪಸು ಪಡೆಯಲು ಯಾರೂ ಒಪ್ಪುವುದಿಲ್ಲ.