ವಾಗ್ದಾನ ಕಾರ್ಡು ಮತ್ತು ರಿಯಾದ್ ನೌಕರಿ

ಹಲೋ ತಂಗಿ, ನಿನ್ನ ಚಿಗವ್ವ, ಗದಗಿನಿಂದ. ರಿಯಾದ್‌ನಲ್ಲಿ ಸ್ಟಾಫ್ ನರ್ಸ್ ಕೆಲಸ ಸಿಕ್ಕಿದೆ, ಏಜೆಂಟ್ ಮೂರು ಲಕ್ಷ ಕೇಳುತ್ತಿದ್ದಾನೆ, ಹೊಸ ವರ್ಷದ ಆರಾಧನೆಯಲ್ಲಿ ಚೀಟಿ ಎತ್ತಿದ ಹಾಗೆ ತೆಗೆದ ವಾಗ್ದಾನ ಕಾರ್ಡಿನಲ್ಲಿ (ಬೈಬಲ್ ವಚನ ಬರೆದ ಕಾರ್ಡು) ಯೆಹೋಶುವ 1:9 ಬಂದಿತ್ತು, ಹಾಗಾಗಿ ಇದು ದೇವರ ಚಿತ್ತ ಅಂತ ಗ್ರೂಪಿಗೆ ಹಾಕಿದ್ದೀಯಲ್ಲ. ಎಲ್ಲರೂ ಆಮೆನ್ ಅಂದಿದ್ದಾರೆ. ನಾನು ಸ್ವಲ್ಪ ಉದ್ದ ಮಾತಾಡುತ್ತೇನೆ, ಬೇಜಾರಾಗಬೇಡ.

ಆ ವಚನ ಏನು ಹೇಳುತ್ತದೆ? ನೀನು ಹೋಗುವಲ್ಲೆಲ್ಲಾ ದೇವರು ಸಂಗಡ ಇರುತ್ತಾನೆ ಅಂತ. ರಿಯಾದ್ ಅಂತ ಎಲ್ಲಿದೆ ಅದರಲ್ಲಿ? ನೀನು ಹುಬ್ಬಳ್ಳಿಯಲ್ಲೇ ನೈಟ್ ಡ್ಯೂಟಿ ಮಾಡಿದರೂ, ಬೆಟಗೇರಿಗೆ ಬಂದರೂ ಅದು ಅಷ್ಟೇ ಸತ್ಯ. ಧೈರ್ಯಕ್ಕೆ ಕೊಟ್ಟ ಮಾತನ್ನು ಟಿಕೆಟ್ ಮಾಡಿಕೊಳ್ಳಬೇಡ.

ಸ್ವಬುದ್ಧಿಯ ಮೇಲೆ ಆತುಕೊಳ್ಳಬೇಡ ಅಂತ ಕಾಕಾ ಜ್ಞಾನೋಕ್ತಿ 3 ಹಾಕಿದ್ದಾರೆ. ಸರಿ ಕಾಕಾ. ಆದರೆ ಅದೇ ಜ್ಞಾನೋಕ್ತಿಯ 15ನೇ ಅಧ್ಯಾಯದಲ್ಲಿ ಆಲೋಚನೆ ಹೇಳುವವರು ಬಹಳ ಇದ್ದರೆ ಕೆಲಸ ಕೈಗೂಡುತ್ತದೆ ಅಂತಲೂ ಇದೆ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಮಾಡುವುದಿಲ್ಲವೇ ಅಂತ ಲೂಕ 14ರಲ್ಲಿ ಕೇಳಿದ್ದು ಯೇಸುಸ್ವಾಮಿಯೇ. ಲೆಕ್ಕ ಮಾಡಿದರೆ ನಂಬಿಕೆ ಕಡಿಮೆ ಆಯಿತು ಅಂತ ನಮ್ಮವರಿಗೆ ಯಾರು ಕಲಿಸಿದರೋ ಗೊತ್ತಿಲ್ಲ.

ಹಾಗಾದರೆ ಲೆಕ್ಕ ಮಾಡೋಣ. ನಮ್ಮ ಸರ್ಕಾರದ ನಿಯಮದಲ್ಲಿ ವಿದೇಶದ ಕೆಲಸಕ್ಕೆ ಏಜೆಂಟ್ ತೆಗೆದುಕೊಳ್ಳಬಹುದಾದ ಸರ್ವಿಸ್ ಚಾರ್ಜ್ 30,000 ರೂಪಾಯಿ, ಮೇಲೆ ಜಿಎಸ್‌ಟಿ, ಅಷ್ಟೇ. ಮೂರು ಲಕ್ಷ ಯಾವುದಕ್ಕೆ ಅಂತ ಕೇಳಿದ್ದೀಯಾ? ಅವನ ಲೈಸೆನ್ಸ್ ನಂಬರ್ ಸರ್ಕಾರದ ಇ-ಮೈಗ್ರೇಟ್ ಸೈಟಿನಲ್ಲಿ ಇದೆಯಾ ನೋಡು. ಸೌದಿಗೆ ಹೋಗುವ ನರ್ಸ್‌ಗಳಿಗೆ 2015ರಿಂದ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಕೆಲಸಕ್ಕೆ ಹೊರದೇಶಕ್ಕೆ ಹೋಗಲು ನಮ್ಮ ಸರ್ಕಾರದ ಅನುಮತಿ, ಬೇಕೇ ಬೇಕು. ಡೇಟಾಫ್ಲೋ (ಸರ್ಟಿಫಿಕೇಟ್ ಅಸಲಿಯೇ ಅಂತ ನೋಡುವುದು), ಪ್ರೊಮೆಟ್ರಿಕ್ (ಅಲ್ಲಿನ ಲೈಸೆನ್ಸಿಗೆ ಬರೆಯುವ ಪರೀಕ್ಷೆ) ಎರಡರ ಹೆಸರೂ ನಿನ್ನ ಮೆಸೇಜಿನಲ್ಲಿ ಇಲ್ಲ. ವಿಸಿಟ್ ವೀಸಾದಲ್ಲಿ ಹೋಗು, ಆಮೇಲೆ ಬದಲಾಯಿಸೋಣ ಅಂದನೋ, ಅಲ್ಲಿಗೇ ಮಾತು ನಿಲ್ಲಿಸು.

ಇನ್ನು ಮನಸ್ಸಿನ ವಿಷಯ. ಅಪ್ಪನ ಸಾಲ ನೋಡಿ ರಾತ್ರಿ ಅಳು ಬರುತ್ತದೆ ಅಂದೆ, ಕೂಡಿದ ಸಂಬಂಧ ಮುರಿದಿದ್ದೂ ಈಗಲೇ. ಭಾವನೆ ಪಕ್ಕಕ್ಕಿಡು ಅಂತ ನಾನು ಹೇಳುವುದಿಲ್ಲ. ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿಯೂ ತನ್ನ ಸಂಕಟ ಮುಚ್ಚಿಡಲಿಲ್ಲ, ಈ ಪಾತ್ರೆ ನನ್ನಿಂದ ತೊಲಗಲಿ ಅಂತ ಬಾಯಿಬಿಟ್ಟು ಕೇಳಿದನು. ಆದರೆ ಇಗ್ನೇಷಿಯಸ್ ಲೊಯೋಲಾ ಅಂತ, ಕ್ಯಾಥೊಲಿಕರ ಜೆಸ್ವಿಟ್ ಸಂಸ್ಥೆ ಕಟ್ಟಿದವರು (ನಾವು ಸಿಎಸ್‌ಐ ಅಂದರೆ ಪ್ರೊಟೆಸ್ಟೆಂಟ್ ಸಭೆಯವರು, ಆದರೇನು, ಒಳ್ಳೆಯ ಮಾತು ಯಾರದಾದರೂ ಒಳ್ಳೆಯದೇ), 1521ರಲ್ಲಿ ಪಾಂಪ್ಲೋನಾ ಯುದ್ಧದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು. ಆಗ ಒಂದು ಗಮನಿಸಿದರು. ಯುದ್ಧ, ಹೆಸರು, ದೊಡ್ಡಸ್ತಿಕೆ ನೆನೆಸಿಕೊಂಡರೆ ಆ ಹೊತ್ತಿಗೆ ಖುಷಿ, ಆಮೇಲೆ ಮನಸ್ಸು ಒಣಒಣ. ಸಂತರ ಹಾಗೆ ಬದುಕುವುದನ್ನು ನೆನೆಸಿಕೊಂಡರೆ ಖುಷಿ ಆಮೇಲೂ ಉಳಿಯುತ್ತಿತ್ತು. ಮನಸ್ಸು ಕುಗ್ಗಿದಾಗ ಮೊದಲಿನ ತೀರ್ಮಾನ ಬದಲಾಯಿಸಬೇಡ ಅಂತಲೂ ಅವರೇ ಹೇಳಿದ್ದು. ನೀನು ಓದಿದ್ದು ಐಸಿಯುನಲ್ಲಿ ಪಕ್ಕಾ ಆಗಬೇಕು ಅಂತ ಅಲ್ವಾ? ಅದನ್ನು ಬಿಟ್ಟಿದ್ದು ಯಾವಾಗ? ರಿಯಾದ್ ನೆನೆಸಿಕೊಂಡಾಗ ಬರುವ ಹಗುರ ಕೆಲಸದ್ದೋ, ಸುಮ್ನೆ ಹುಬ್ಬಳ್ಳಿ ಬಿಟ್ಟು ಓಡುವುದರದೋ? ಒಂದು ವಾರ ನೋಡು.

ಹಾಗಂತ ಹಿರಿಯರು ಹೇಳಿದ್ದೇ ಕೊನೆ ಅಂತಲೂ ಅಲ್ಲ. ಹಿಂದೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನಿಂದ ನಮ್ಮ ಕಡೆ ಬಂದ ಪಾದ್ರಿಗಳು ಮದುವೆಯಾಗಬೇಕಾದರೂ ಬಾಸೆಲ್ ಕಮಿಟಿ ಒಪ್ಪಬೇಕಿತ್ತು. ಅದು ಜಾಸ್ತಿಯೇ ಆಯಿತು ಅನ್ನಿಸುತ್ತದೆ ನನಗೆ. ಕಾಗದ ಎಲ್ಲ ಸರಿಯಿದ್ದು, ವಾರ ಕಳೆದ ಮೇಲೂ ಮನಸ್ಸು ಹೂಂ ಅಂದರೆ ಹೋಗು, ಬಸ್ ಸ್ಟ್ಯಾಂಡಿಗೆ ಚೀಲ ಹೊತ್ತುಕೊಂಡು ನಾನೇ ಬರುತ್ತೇನೆ.

ಆಫರ್ ಲೆಟರ್ ಗ್ರೂಪಿಗೆ ಹಾಕಬೇಡ, ನನಗೆ ಮಾತ್ರ ಕಳಿಸು. ಅಲ್ಲಿಯವರೆಗೆ ಅವನಿಗೆ ಅಡ್ವಾನ್ಸ್ ಅಂತ ಒಂದು ರೂಪಾಯಿಯೂ ಫೋನ್‌ಪೇ ಮಾಡಬೇಡ.