ಅಪ್‌ಡೇಟ್: ಮಂಗಳೂರಲ್ಲಿ ಎರಡು ದಿನ, ಏನು ತಿನ್ನೋದು?

ಎರಡು ದಿನದಲ್ಲಿ ಮಂಗಳೂರಲ್ಲಿ ಏನೇನು ತಿನ್ನಬಹುದು ಅಂತ ಕೇಳಿದ್ದೆ. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಮುಂದೆ ಹೋಗುವವರಿಗೆ ಕೆಲವು ಮಾತು.

ಮೊದಲು ತಿಂಗಳು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ನಾಡದೋಣಿಯ ಮೀನು ಅಷ್ಟಿಷ್ಟು, ಉಳಿದದ್ದು ಐಸಿನದು.

ಕಾಣೆ ಮೀನಿನ (ಲೇಡಿಫಿಶ್) ಮಾಂಸ ಮೆದು, ಅದಕ್ಕೆ ರವಾ ಫ್ರೈಯೇ ಸರಿ. ಬಂಗುಡೆಗೆ (ಮ್ಯಾಕರೆಲ್) ತವಾ ಮಸಾಲೆ. ಅಂಜಲ್ (ಸೀರ್ ಫಿಶ್) ತುಂಡು ಸ್ವಲ್ಪ ಹೆಚ್ಚು ಬೆಂದರೂ ಒಣಗುತ್ತದೆ. ದರ ಗಾತ್ರದ ಮೇಲೆ. ಯಾವ ಮೀನು ಅಂತ ತೋರಿಸಿ, ರೇಟ್ ಕೇಳಿ, ಆಮೇಲೆ ಆರ್ಡರ್ ಹೇಳಿ. ಬಿಲ್ ಬಂದ ಮೇಲೆ ಜಗಳ ಆಡಿ ಪ್ರಯೋಜನವಿಲ್ಲ!

ಕೋರಿ ರೊಟ್ಟಿ ಅಂದರೆ ಗರಿಗರಿ ಅಕ್ಕಿ ರೊಟ್ಟಿ, ಜೊತೆಗೆ ಕೋಳಿ ಗಸಿ (ಸಾರು); ಗಸಿಯನ್ನೆಲ್ಲ ಒಮ್ಮೆಲೇ ಸುರಿಯಬೇಡಿ. ಒಂದೆರಡು ರೊಟ್ಟಿ ಮುರಿದು, ಅಷ್ಟಕ್ಕೇ ಹಾಕಿ ತಿನ್ನಿ; ಇಲ್ಲವಾದರೆ ಗರಿಗರಿ ಹೋಗಿ ಮುದ್ದೆಯಾಗುತ್ತದೆ. ಚಿಕನ್ ಘೀ ರೋಸ್ಟ್ ಮೂಲತಃ ಕುಂದಾಪುರದ್ದು, ಜೊತೆಗೆ ನೀರುದೋಸೆಯೇ ಬೇಕು.

ಬನ್ಸ್ (ಬಾಳೆಹಣ್ಣು ಹಾಕಿದ ಸಿಹಿ ಪೂರಿ) ಬೆಳಿಗ್ಗೆ, ಗೋಳಿಬಜೆ (ಮೈದಾ ಬೋಂಡಾ) ಸಂಜೆ, ಎರಡೂ ಬಾಣಲೆಯಿಂದ ಇಳಿದ ಬಿಸಿಯಲ್ಲೇ. ಗಡ್‌ಬಡ್ ಐಸ್‌ಕ್ರೀಮ್ (ಹಣ್ಣು, ಜೆಲ್ಲಿ ಹಾಕಿ ಪದರ ಪದರವಾಗಿ ಕೊಡುವ ದೊಡ್ಡ ಗ್ಲಾಸ್) ಇಬ್ಬರಿಗೆ ಒಂದು ಸಾಕು, ಊಟದ ಬೆನ್ನಿಗೇ ಬೇಡ.