ಹದಿಹರೆಯದವರಿಗೆ ಆನ್‌ಲೈನ್ ಫೋಟೊಗ್ರಫಿ: ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಪಾಠ ಎಲ್ಲಿಂದ ಶುರು ಮಾಡುವುದು?

ಕಿಟಕಿಬೆಳಕು (ಪ್ರಶ್ನೆ)

ರಜೆಯಲ್ಲಿ 14ರಿಂದ 17 ವರ್ಷದ 15 ಮಕ್ಕಳಿಗೆ ಆರು ವಾರದ ತರಗತಿ. ವಾರಕ್ಕೊಂದು ಗಂಟೆ, ಗೂಗಲ್ ಮೀಟ್‌ನಲ್ಲಿ. ಮೂವರ ಹತ್ತಿರ ಡಿಎಸ್‌ಎಲ್‌ಆರ್ ಇದೆ, ಮಿಕ್ಕವರದ್ದು ಆಂಡ್ರಾಯ್ಡ್ ಫೋನು. ಅದರಲ್ಲೂ ಕೆಲವು ಅಪ್ಪ-ಅಮ್ಮನವು, ಸಂಜೆ ಮೇಲಷ್ಟೇ ಕೈಗೆ ಸಿಗುವಂಥವು. ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ), ಶಟರ್ (ಬೆಳಕು ಬೀಳುವ ಹೊತ್ತು), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬುದು) ಮೂರನ್ನೂ ಮೊದಲ ದಿನವೇ ಹೇಳಿಬಿಡೋಣ ಅಂದುಕೊಂಡಿದ್ದೆ. ಆದರೆ ಬಹುಪಾಲು ಫೋನುಗಳಲ್ಲಿ ಅಪರ್ಚರ್ ಬದಲಾಗುವುದೇ ಇಲ್ಲವಲ್ಲ? ಇನ್ನೊಂದು: ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ತೆರೆದರೆ ಶಟರ್ ವೇಗ ಎಷ್ಟಿತ್ತೆಂದು ತಿಳಿಯುವುದಿಲ್ಲ. ನೀವೆಲ್ಲ ಹೇಗೆ ತರಿಸಿಕೊಳ್ಳುತ್ತೀರಿ?

ಮಬ್ಬುಗಾಜು

ಆ ಮೂರನ್ನೂ ಮೂರನೇ ವಾರಕ್ಕೆ ತಳ್ಳಿ. ಮೊದಲೆರಡು ವಾರ ಬರೀ ಬೆಳಕು, ಕ್ಯಾಮೆರಾ ಆಟೊದಲ್ಲೇ ಇರಲಿ.

ಮೊದಲ ವಾರ ಒಂದೇ ಕಿಟಕಿ, ಒಂದೇ ಲೋಟ. ಲೋಟದ ಜಾಗ ಬದಲಿಸಬಾರದು, ತೆಗೆಯುವವರು ಸುತ್ತ ಓಡಾಡಬೇಕು: ಕಿಟಕಿ ಬೆನ್ನಿಗೆ, ಪಕ್ಕಕ್ಕೆ, ಎದುರಿಗೆ. ಮೂರು ಚಿತ್ರ ಪಕ್ಕಪಕ್ಕ ಇಟ್ಟರೆ ಪಾಠ ಅರ್ಧ ಮುಗಿದಂತೆ. ಬೆಳಿಗ್ಗೆ ಇಡ್ಲಿ ಪಾತ್ರೆಯ ಹಬೆ ತೆಗೆಯಲು ಹೇಳಿ. ಬೆಳಕು ಹಬೆಯ ಹಿಂದಿನಿಂದ ಬಂದು, ಹಿನ್ನೆಲೆ ಕಪ್ಪಗಿದ್ದರೆ ಮಾತ್ರ ಅದು ಎದ್ದು ಕಾಣುತ್ತದೆ. ಬಿಳಿ ಗೋಡೆಯ ಮುಂದೆ ಎಷ್ಟು ಸಲ ಒತ್ತಿದರೂ ಕಾಣುವುದಿಲ್ಲ.

ಎರಡನೇ ವಾರ ಒಂದು ಬಿಳಿ ಪಂಚೆ, ಒಂದು ಕಪ್ಪು ಕೊಡೆ. ಚೌಕಟ್ಟು ಪೂರ್ತಿ ತುಂಬುವಂತೆ ತೆಗೆದರೆ ಎರಡೂ ಬೂದು ಬಣ್ಣಕ್ಕೆ ತಿರುಗುತ್ತವೆ, ಏಕೆಂದರೆ ಕ್ಯಾಮೆರಾದೊಳಗಿನ ಬೆಳಕಿನ ಮೀಟರ್ ಎದುರಿಗಿದ್ದುದನ್ನೆಲ್ಲ ಮಧ್ಯಮ ಬೂದು ಅಂದುಕೊಂಡೇ ಅಳೆಯುತ್ತದೆ. ಚಿತ್ರದ ಬೆಳಕು ಹೆಚ್ಚು-ಕಡಿಮೆ ಮಾಡುವ ಎಕ್ಸ್‌ಪೋಷರ್ ಆಯ್ಕೆಯಲ್ಲಿ ಪಂಚೆಗೆ +1, ಕೊಡೆಗೆ -1 ಕೊಡಲಿ. ಎಕ್ಸ್‌ಪೋಷರ್ ಅಂದರೇನೆಂದು ಆಮೇಲೆ ವಿವರಿಸುವ ಅಗತ್ಯವೇ ಬರುವುದಿಲ್ಲ.

ಶಟರ್‌ಗೆ ಸೀಲಿಂಗ್ ಫ್ಯಾನ್ ಸಾಕು. ನಿಮಿಷಕ್ಕೆ 300 ಸುತ್ತು, ರೆಕ್ಕೆಯ ತುದಿ ನಡುವಿನಿಂದ 60 ಸೆಂ.ಮೀ. ದೂರ ಅಂತಿಟ್ಟುಕೊಳ್ಳಿ. 1/1000 ಸೆಕೆಂಡಿನಲ್ಲಿ ತುದಿ ಸುಮಾರು 2 ಸೆಂ.ಮೀ. ಸರಿಯುತ್ತದೆ, 1/30ರಲ್ಲಿ 60 ಸೆಂ.ಮೀ. ದಾಟುತ್ತದೆ. ಲೆಕ್ಕ ಅವರೇ ಹಾಕಲಿ, ಎಸ್ಸೆಸ್ಸೆಲ್ಸಿ ಗಣಿತ ಅಷ್ಟಕ್ಕಾದರೂ ಬರಲಿ. ಇದನ್ನು ಅಂಗಳದ ಬಿಸಿಲಲ್ಲಿ ನಲ್ಲಿ ನೀರಿನ ಮೇಲೆ ಮಾಡಿಸಬೇಡಿ. ಫೋನಿನ ಅಪರ್ಚರ್ ಎಫ್ 1.8ರ ಆಸುಪಾಸು ತೆರೆದೇ ಇರುತ್ತದೆ, ಐಎಸ್‌ಒ 50ಕ್ಕಿಂತ ಇಳಿಯುವುದು ಅಪರೂಪ. ಬಿಸಿಲಿಗೆ ಅದು ಕೇಳುವುದು 1/4000ದಷ್ಟು. 1/30 ಇಟ್ಟರೆ ಚಿತ್ರವೆಲ್ಲ ಬೆಳ್ಳಗೆ ಸುಟ್ಟುಹೋಗುತ್ತದೆ, ಮಕ್ಕಳು ಫೋನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಹಗಲಲ್ಲಿ ಪಡಸಾಲೆಯೊಳಗೇ ಆಗಲಿ.

ಪ್ರೊ ಮೋಡ್ (ಶಟರ್, ಐಎಸ್‌ಒ ನಾವೇ ಹೊಂದಿಸುವ ವ್ಯವಸ್ಥೆ) ಇಲ್ಲದ ಫೋನಿಗೆ ಓಪನ್ ಕ್ಯಾಮೆರಾ ಎಂಬ ಆ್ಯಪ್ ಉಚಿತ. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ2 ಎಪಿಐ ಆರಿಸಿದ ಮೇಲೇ ಶಟರ್ ಆಯ್ಕೆ ಕಾಣಿಸುತ್ತದೆ. ಕೆಲವು ಅಗ್ಗದ ಫೋನುಗಳಲ್ಲಿ ಆಗಲೂ ಕಾಣದು. ಅಂಥವರನ್ನು ಇನ್ನೊಬ್ಬರ ಜೊತೆ ಜೋಡಿ ಮಾಡಿ.

ಮೂರನೇ ಕಾಲು

ಫೋಟೊ ತರಿಸುವ ಬಗ್ಗೆ. ವಾಟ್ಸ್‌ಆ್ಯಪ್‌ನಲ್ಲಿ ಗ್ಯಾಲರಿಯಿಂದ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಒಳಗಿನ ಮಾಹಿತಿಯೂ ಹೋಗುತ್ತದೆ. ಅದನ್ನೇ ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಕಡತವೇ ಬರುತ್ತದೆ. ಆದರೆ ಜೊತೆಗೆ ಜಿಪಿಎಸ್ ಗುರುತೂ ಬರುತ್ತದೆ, ಅಂದರೆ ಮಗುವಿನ ಮನೆ ಎಲ್ಲಿದೆ ಎಂಬುದು. ಹಾಗಾಗಿ ಮೊದಲ ತರಗತಿಯಲ್ಲೇ ಕ್ಯಾಮೆರಾದ ಲೊಕೇಶನ್ ಟ್ಯಾಗ್ ಆಫ್ ಮಾಡಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಪೋಷಕರ ಲಿಖಿತ ಒಪ್ಪಿಗೆ ಮೊದಲು, ಫೋಟೊ ತರಿಸುವುದು ಆಮೇಲೆ.

ಎಷ್ಟು ತರಿಸಬೇಕು ಎಂಬುದೂ ಮುಖ್ಯ. ತಲೆಗೆ ಮೂರರಂತೆ 45 ಚಿತ್ರ, ಒಂದಕ್ಕೆ ಎರಡು ನಿಮಿಷ ಅಂದರೂ ಒಂದೂವರೆ ಗಂಟೆ. ಮೂವರು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ ಉಚಿತ ಮೀಟ್ 60 ನಿಮಿಷಕ್ಕೆ ನಿಂತುಹೋಗುತ್ತದೆ. ಮೂರು ತರಿಸಿಕೊಳ್ಳಿ, ತರಗತಿಯಲ್ಲಿ ತಲೆಗೊಂದೇ ನೋಡಿ. ಆ ಒಂದನ್ನು ಆರಿಸಿ ಉಳಿದೆರಡನ್ನು ಯಾಕೆ ಬಿಟ್ಟೆ ಅಂತ ಮಗುವೇ ಹೇಳಬೇಕು. ಆರಿಸುವುದು ಗೊತ್ತಾಗದೆ ತೆಗೆಯುವುದು ಗೊತ್ತಾಗುವುದಿಲ್ಲ.

ಪರದೆ ಹಂಚಿಕೊಂಡು ಫೋಕಸ್, ಬಣ್ಣದ ಬಗ್ಗೆ ತೀರ್ಪು ಕೊಡಬೇಡಿ. ಮೀಟ್ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ, ಚೂಪಾದದ್ದೂ ಅಲ್ಲಿ ಮೆತ್ತಗೆ ಕಾಣುತ್ತದೆ. ಮಕ್ಕಳ ಫೋನಿನಲ್ಲಿ ನೈಟ್ ಲೈಟ್ ಆನ್ ಆಗಿದ್ದರಂತೂ ಎಲ್ಲವೂ ಹಳದಿ.

ಕಿಟಕಿಬೆಳಕು

ಡಾಕ್ಯುಮೆಂಟ್ ಉಪಾಯ ಹೊಳೆದೇ ಇರಲಿಲ್ಲ. ಆದರೆ ಸಂಜೆ ಮಾತ್ರ ಫೋನ್ ಸಿಗುವವರು ಫ್ಯಾನ್ ಅಭ್ಯಾಸ ಮಾಡುವುದು ಹೇಗೆ? ತರಗತಿ ನಡೆಯುವಾಗಲೇ ಎಲ್ಲರಿಂದಲೂ ತೆಗೆಸಬಹುದೇ?

ಮಬ್ಬುಗಾಜು

ಎಲ್‌ಇಡಿ ಬೆಳಕಿನಲ್ಲಿ 1/1000 ಇಟ್ಟರೆ ಚಿತ್ರದ ಮೇಲೆ ಅಡ್ಡಪಟ್ಟೆ ಬೀಳಬಹುದು. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಅನೇಕ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಫೋನಿನ ಸೆನ್ಸರ್ ಸಾಲುಸಾಲಾಗಿ ಓದುವುದರಿಂದ ಕೆಲವು ಸಾಲಿಗೆ ಬೆಳಕು, ಕೆಲವಕ್ಕೆ ಕತ್ತಲೆ. 1/100 ಅಥವಾ 1/50 ಇಟ್ಟರೆ ಪಟ್ಟೆ ಮಾಯ. ಸಂಜೆಯವರಿಗೆ ಬೇರೆ ಕೆಲಸ ಕೊಡಿ: ದೀಪ ಆರಿಸಿ, ಫೋನನ್ನು ಪುಸ್ತಕಕ್ಕೆ ಒರಗಿಸಿ, 4 ಸೆಕೆಂಡ್ ಶಟರ್, ಐಎಸ್‌ಒ 100, ಟಾರ್ಚಿನಿಂದ ಗಾಳಿಯಲ್ಲಿ ಹೆಸರಿನ ಮೊದಲ ಅಕ್ಷರ. ‘ಕ್ಷ’ ಬರೆಯಬೇಕಾದವರಿಗೆ 8 ಸೆಕೆಂಡ್ ಕೊಡಿ! ಗುಂಡಿ ಒತ್ತಿದಾಗ ಅಲುಗದಿರಲು 2 ಸೆಕೆಂಡ್ ಟೈಮರ್ ಇರಲಿ.

ಮೂರನೇ ಕಾಲು

ತರಗತಿ ನಡುವೆ ತೆಗೆಸುವುದು ಕಷ್ಟ. ಮೀಟ್ ಇರುವ ಫೋನಿನಲ್ಲೇ ಕ್ಯಾಮೆರಾ ತೆರೆದರೆ ಎರಡರಲ್ಲಿ ಒಂದು ಸೋಲುತ್ತದೆ. ತೆಗೆಸಲೇಬೇಕಾದರೆ 8 ನಿಮಿಷ ಕೊಟ್ಟು, ಕಾಲ್‌ನಿಂದ ಹೊರಗೆ ಹೋಗಿ ತೆಗೆದು ಮತ್ತೆ ಸೇರಲು ಹೇಳಿ.

ಸಾಸಿವೆ

ಡಿಎಸ್‌ಎಲ್‌ಆರ್ ಇರುವ ಮೂವರು ಮಸುಕು ಹಿನ್ನೆಲೆ ತೋರಿಸಿ ಮೆರೆಯತೊಡಗುತ್ತಾರೆ, ಉಳಿದವರು ಪೋರ್ಟ್ರೇಟ್ ಮೋಡ್‌ಗೆ ಓಡುತ್ತಾರೆ. ಅದು ಕೂದಲ ಅಂಚನ್ನು ಕತ್ತರಿಸಿ ಹಾಕುವ ಕೃತಕ ಮಸುಕು, ಮೊದಲೇ ನಿಷೇಧಿಸಿ. ಫೋನಿನಲ್ಲೂ ನಿಜವಾದ ಮಸುಕು ಬರುತ್ತದೆ: ವಸ್ತು, ಒಂದು ದಾಸವಾಳ ಅಂತಿಟ್ಟುಕೊಳ್ಳಿ, ಮುಖ್ಯ ಲೆನ್ಸಿಗೆ 10–15 ಸೆಂ.ಮೀ. ಹತ್ತಿರ, ಹಿನ್ನೆಲೆ 2 ಮೀಟರ್ ಆಚೆ. ಹತ್ತಿರ ಹೋದಾಗ ಫೋನ್ ತಾನಾಗಿ ಮ್ಯಾಕ್ರೊಗೆ (ತೀರಾ ಹತ್ತಿರದ ಚಿತ್ರದ ಮೋಡ್) ಜಿಗಿದರೆ ಅದನ್ನು ಆಫ್ ಮಾಡಿ. ಡಿಎಸ್‌ಎಲ್‌ಆರ್ ಜೊತೆಗೇ ಬರುವ ಕಿಟ್ ಲೆನ್ಸ್‌ನವರಿಗೆ 55 ಮಿ.ಮೀ., ಎಫ್ 5.6, ಅದೇ ದಾಸವಾಳ.

ಮುಖಗಳಿಗೆ ಬಂದಾಗ ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಕಪ್ಪು-ಬಿಳುಪು ಚಿತ್ರವೊಂದನ್ನು ಎರಡು ನಿಮಿಷ ಮಾತಿಲ್ಲದೆ ತೋರಿಸಿ. ಬೆಳಕು ಯಾವ ಕಡೆಯಿಂದ ಬಂದಿದೆ ಅಂತ ಒಂದೇ ಪ್ರಶ್ನೆ ಕೇಳಿ, ಎಲ್ಲರೂ ಚಾಟ್‌ನಲ್ಲಿ ಬರೆಯಲಿ. ಮೈಕ್ ಆನ್ ಮಾಡಲು ನಾಚುವ ವಯಸ್ಸು ಅದು.